ಸೀರೆಯಲ್ಲಿ ಅಳೆದ ಮೈದಾನ

ಮೊನ್ನೆ ಹೆಂಡತಿ ಹೊಸ ಸೀರೆ ಬಿಡಿಸಿ, ಅದರ ತುದಿಯ ರವಿಕೆ ಕಣ ಕತ್ತರಿಸಲು ಕೂತಳು. ಕತ್ತರಿಯ ಸದ್ದು ಕೇಳಿದ್ದೇ ತಡ, ದೊಡ್ಡಬಳ್ಳಾಪುರದ ನಮ್ಮ ಫುಟ್‌ಬಾಲ್ ಮೈದಾನ ನೆನಪಾಯಿತು. ಸೀರೆಗೂ ಫುಟ್‌ಬಾಲಿಗೂ ಏನು ಸಂಬಂಧ ಅನ್ನುತ್ತೀರಾ? ಇದೆ, ಕೇಳಿ.

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ನನ್ನ ಚಿಕ್ಕಪ್ಪ. ಮನೆಯಲ್ಲೇ ಮಗ್ಗವಿದ್ದ ನೇಕಾರರು. ಮಗ್ಗದ ಶೆಡ್ಡುಗಳ ಹಿಂದಿನ ಬಯಲನ್ನು ಸ್ಟೇಡಿಯಂ ಎಂದು ಕರೆದವರೂ ಅವರೇ. ಗ್ಯಾಲರಿ ಎಂದರೆ ಕಳಚಿದ ಹಳೆ ಮಗ್ಗಗಳ ತೊಲೆಗಳು. ಗೋಲಿನ ಬಲೆಯನ್ನು ಬೀದಿಯ ಹೆಂಗಸರು ಉಳಿಕೆ ನೂಲಿನಲ್ಲಿ ಹೆಣೆದಿದ್ದರು. ನಾನು ಗೋಲ್‌ಕೀಪರ್, ಆ ಬಲೆ ಎಷ್ಟು ಗಟ್ಟಿ ಎಂಬುದನ್ನು ನನ್ನಷ್ಟು ಸಲ ಪರೀಕ್ಷಿಸಿದವರು ಯಾರೂ ಇಲ್ಲ.

ಮೈದಾನ ಅಳೆಯಲು ಟೇಪು ತರುತ್ತೇನೆಂದಾಗ ಚಿಕ್ಕಪ್ಪ ರೇಗಿದರು. “ಟೇಪ್ ಯಾಕೋ? ನಮ್ಮ ಸೀರೆ ಐದೂವರೆ ಮೀಟರ್. ಉದ್ದಕ್ಕೆ ಹದಿನೆಂಟು, ಅಗಲಕ್ಕೆ ಹನ್ನೆರಡು. ಹಿಡ್ಕೋ!”

ಒಂದು ಬದಿಯ ಉದ್ದವನ್ನು ಅವರು ಅಳೆದರು, ಇನ್ನೊಂದನ್ನು ನಾನು. ಅಲ್ಲೇ ಆಯಿತು ಎಡವಟ್ಟು. ನಾನು ರಾಶಿಯಿಂದ ಎಳೆದುಕೊಂಡ ಸೀರೆಯಲ್ಲಿ ಎಂಬತ್ತು ಸೆಂಟಿಮೀಟರಿನ ರವಿಕೆ ಕಣವೂ ಸೇರಿತ್ತು, ಅವರದರಲ್ಲಿ ಇರಲಿಲ್ಲ. ಆ ತುದಿಯ ಕಾಂಪೌಂಡ್ ಗೋಡೆಯೂ ಓರೆಯಾಗಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಹೊರಗಿನ ತಂಡದವರು ಮಾತ್ರ ಆ ಮೂಲೆಯಲ್ಲಿ ಚೆಂಡು ಗೆರೆ ದಾಟಿತೆಂದು ನಿಂತುಬಿಡುತ್ತಿದ್ದರು. ನಮ್ಮವರು ಓಡುತ್ತಲೇ ಇರುತ್ತಿದ್ದರು.

ಒಂದು ವರ್ಷ ಟೂರ್ನಿಯ ಫೈನಲ್ ನಮ್ಮಲ್ಲೇ ನಡೆಯುವುದೆಂದಾಯಿತು. ಚಿಕ್ಕಪ್ಪನ ಜೀವಮಾನದ ಆಸೆ ಅದು. ಹಿಂದಿನ ದಿನ ಬಂದ ರೆಫರಿ ಟೇಪು ಹಿಡಿದು ಎರಡೆರಡು ಸಲ ನಡೆದರು. ಒಂದು ಬದಿ ಹದಿನಾಲ್ಕು ಮೀಟರ್ ಜಾಸ್ತಿ! ನನಗೆ ಆಗ ಆ ರವಿಕೆ ಕಣ ಹೊಳೆಯಿತು.

“ಯಾರ್ರೀ ಇದನ್ನ ಅಳ್ದಿದ್ದು?”

ನಾನು ಗೋಲ್ ಕಂಬದ ಹಿಂದಕ್ಕೆ ಸರಿದೆ.

“ನಾನೇ ಸಾರ್. ತಪ್ಪೆಲ್ಲಾ ನಂದೇ,” ಎಂದರು ಚಿಕ್ಕಪ್ಪ.

ಗೋಲ್ ಕಂಬಗಳನ್ನು ಕಾಂಕ್ರೀಟಿನಲ್ಲಿ ನೆಟ್ಟಿದ್ದರಿಂದ ಒಂದೇ ದಿನದಲ್ಲಿ ಸರಿಪಡಿಸುವಂತಿರಲಿಲ್ಲ. ಫೈನಲ್ ಬೇರೆ ಊರಿಗೆ ಹೋಯಿತು, ಚಿಕ್ಕಪ್ಪ ಕಾರ್ಯದರ್ಶಿ ಸ್ಥಾನ ಬಿಟ್ಟರು. ಮೈದಾನ ಇವತ್ತಿಗೂ ಓರೆಯೇ. ಅದು ಹೇಗೆ ಹಾಗಾಯಿತೆಂದು ಟೀ ಅಂಗಡಿಯಲ್ಲಿ ಈಗಲೂ ವಾದ ನಡೆಯುತ್ತದೆ. ನಾನೂ ಏನೂ ಅರಿಯದವನಂತೆ ತಲೆ ಕೆರೆದುಕೊಂಡಿದ್ದೇನೆ, ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ತಡೆಯಲಾಗದೆ ಫೋನ್ ಮಾಡಿದೆ. “ಚಿಕ್ಕಪ್ಪ, ಅವತ್ತು ರವಿಕೆ ಕಣ ಇರೋ ಸೀರೇಲಿ ಅಳ್ದಿದ್ದು ನಾನು.”

ಆ ಕಡೆ ಮಗ್ಗದ ಸದ್ದು ನಿಂತಿತು.

“ಆ ಸೀರೆ ನೇಯ್ದಿದ್ದು ನಾನು ಕಣೋ. ನಂಗೆ ಗೊತ್ತಾಗಲ್ವಾ?”

“ಮತ್ತೆ ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಭಾನುವಾರ ಬಾ. ಬರೋವಾಗ ಒಂದು ಟೇಪ್ ತಗೊಂಡ್ ಬಾ.”