ಭರಮಸಾಗರದ ಸನ್ಮಾನ

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಮನೆಯವರು ಇದನ್ನು ಸೊಕ್ಕು ಎನ್ನುತ್ತಾರೆ. ಅನ್ನಲಿ. ಭರಮಸಾಗರದ ರಸ್ತೆಯ ಮೇಲೆ ನಾನು ನೋಡಿದ್ದನ್ನು ಅವರು ನೋಡಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಚಿತ್ರದುರ್ಗದ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದೆ. ಸುಗ್ಗಿ ಮುಗಿದು ಬಿಸಿಲು ಇನ್ನೂ ಏರದಿದ್ದ ದಿನಗಳಲ್ಲಿ ಒಂದು ಸೈಕಲ್ ಕಂಪನಿಯವರು ನಮ್ಮ ಕಡೆ ನಾಲ್ಕು ದಿನದ ರೇಸು ಇಟ್ಟರು. ಮೊದಲ ದಿನ ದುರ್ಗದಿಂದ ಹಿರಿಯೂರಿಗೆ, ಮರುದಿನ ಅಲ್ಲಿಂದ ಹೊಸದುರ್ಗಕ್ಕೆ, ಮೂರನೆಯ ದಿನ ಹೊಳಲ್ಕೆರೆಗೆ. ಕೊನೆಯ ದಿನ ಹೊಳಲ್ಕೆರೆಯಿಂದ ಹೊರಟು, ದುರ್ಗ ದಾಟಿ, ಭರಮಸಾಗರದ ನಡುರಸ್ತೆಯಲ್ಲಿ ಇಟ್ಟ ಡಾಂಬರು ಡ್ರಮ್ಮನ್ನು ಸುತ್ತಿಕೊಂಡು ವಾಪಸ್ ದುರ್ಗಕ್ಕೆ ಬಂದು ಮುಟ್ಟಬೇಕು. ನಾಲ್ಕು ದಿನ ತೆಗೆದುಕೊಂಡ ಹೊತ್ತನ್ನೆಲ್ಲ ಕೂಡಿಸಿ, ಯಾರದ್ದು ಕಡಿಮೆಯೋ ಅವನು ಗೆದ್ದ ಹಾಗೆ. ಇಷ್ಟು ಸರಳ ಲೆಕ್ಕ ನಮ್ಮ ಜನದ ತಲೆಗೆ ಕೊನೆಯವರೆಗೂ ಹತ್ತಲಿಲ್ಲ.

ಬಂದ ಸವಾರರಲ್ಲಿ ಹೆಚ್ಚಿನವರು ಸಂಬಳಕ್ಕೆ ಸೈಕಲ್ ತುಳಿಯುವವರು. ಬೆಂಗಳೂರಿನ ದೊಡ್ಡ ಅಂಗಡಿಗಳವರು, ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನವರು ಅವರನ್ನು ಊಟ ಹಾಕಿ ಸಾಕಿದ್ದರು. ಅವರ ನಡುವೆ ನಮ್ಮ ಓಣಿಯ ಕಂಬಳಿಯವನೊಬ್ಬ. ಕುರಿ ಸಾಕುವ ಮನೆತನದವನು. ಮನೆಯಲ್ಲಿ ನೇಯ್ದ ಕಂಬಳಿಗಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ತಲೆಯೆತ್ತರಕ್ಕೆ ಹೇರಿಕೊಂಡು ಸಂತೆಯಿಂದ ಸಂತೆಗೆ ತುಳಿಯುತ್ತ ಮಾರುವುದು ಅವನ ಬದುಕು. ಆ ಹೊರೆ ಹೊತ್ತು ಏರು ಹತ್ತಿದವನಿಗೆ ಬರೀ ಸೈಕಲ್ ಯಾವ ಲೆಕ್ಕ? ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ ಸಾಹೇಬರು ಹಗುರವಾದ ಒಂದು ಸೈಕಲ್ ಜೋಡಿಸಿ ಕೊಟ್ಟು, ತಾವೇ ಕರೆದುಕೊಂಡು ಹೋಗಿ ಅವನ ಹೆಸರು ಬರೆಸಿದ್ದರು.

ಗೆದ್ದವನಿಗೆ ಆ ಕಂಪನಿಯ ತಂಡದಲ್ಲಿ ಕೆಲಸ. ಊರೂರಿಗೆ ಹೋಗಿ ರೇಸಿನಲ್ಲಿ ತುಳಿಯುವುದು, ತಿಂಗಳು ತಿಂಗಳು ಸಂಬಳ ಎಣಿಸಿಕೊಳ್ಳುವುದು. ವಯಸ್ಸು ಮೀರಿದವರಿಗೆ ಜಾಗವಿಲ್ಲ ಎಂದು ಮೊದಲೇ ಹೇಳಿದ್ದರು. ಮುಂದಿನ ವರ್ಷಕ್ಕೆ ನಮ್ಮವನ ವಯಸ್ಸು ಮೀರುತ್ತಿತ್ತು. ಹೊರಡುವ ಮುಂಜಾನೆ ಅವನು ನನಗೆ ಹೇಳಿದ: “ಅಣ್ಣ, ಗೆದ್ರೆ ಈ ಹೊರೆ ಇಳಿತೈತೆ. ಇಲ್ಲಾಂದ್ರೆ ಮಣಕಾಲು ಸವೆಯೋ ಗಂಟ ಇದೇ ಸಂತೆ, ಇದೇ ಕಂಬಳಿ.”

ನಾನು ಮಿಲ್ಲಿಗೆ ರಜೆ ಹಾಕಿ, ಸಾಹೇಬರ ಜೊತೆ ಒಂದು ಹಳೇ ಲಾರಿ ಹತ್ತಿದೆ. ಓಣಿಯವರು ಹತ್ತಾರು ಜನ ಆಗಲೇ ತುಂಬಿಕೊಂಡಿದ್ದರು. ರೇಸಿನ ಅಭಿಮಾನಿಗಳಂತೆ! ದಾರಿಯುದ್ದಕ್ಕೂ ಎಲೆ ಅಡಿಕೆ ಜಗಿದು ಹಿಂದು ಮುಂದು ನೋಡದೆ ಉಗಿಯುವುದು, ಹಿಂದೆ ಬರುವ ಸವಾರರ ಮುಖಕ್ಕೆ ಅದು ಸಿಡಿಯುವುದು. ಬೆಂಗಳೂರಿನವನೊಬ್ಬನ ಬಿಳಿ ಬನಿಯನ್ ಕೆಂಪಾದದ್ದು ಕಂಡು ಇವರು ತೊಡೆ ತಟ್ಟಿಕೊಂಡು ನಕ್ಕರು. ಥೂ, ನನಗೆ ಆಗಲೇ ಇಳಿದು ಬಿಡೋಣ ಅನ್ನಿಸಿತು. ಆದರೆ ಕಂಬಳಿಯವನು ಮುಂದಿದ್ದ. ಅವನನ್ನು ನೋಡುವ ಆಸೆಗೆ ಹಲ್ಲು ಕಚ್ಚಿಕೊಂಡು ಕೂತೆ.

ಹಿರಿಯೂರಿನಲ್ಲಿ ಮೊದಲು ಮುಟ್ಟಿದವನು ಅವನೇ. ದಾವಣಗೆರೆ ಮಿಲ್ಲಿನ ಸವಾರ, ಕಪ್ಪಗೆ ತೆಳ್ಳಗಿದ್ದ ಮಾತಿಲ್ಲದ ಆಳು, ಅವನ ಹಿಂದಿನ ಗಾಲಿಗೇ ಅಂಟಿಕೊಂಡು ಬಂದ. ಆದಿವಾಲದ ರೈತರು ಸವಾರರಿಗೆಂದು ಗಾಡಿ ತುಂಬ ಎಳನೀರು ತಂದಿದ್ದರು. ಪಾಪ, ಎಷ್ಟು ಪ್ರೀತಿಯಿಂದ ತಂದಿದ್ದರೋ. ಸ್ವಾಗತ ಸಮಿತಿಯವರು ಅದನ್ನು ತಾವೇ ಕೆತ್ತಿಸಿ ಕುಡಿದು, ಗಂಜಿಯನ್ನೂ ಬಿಡದೆ ಕೆರೆದು ತಿಂದರು. ಸವಾರರು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು, ಏಕೆಂದರೆ ಹಾರ ಹಾಕಬೇಕಾದ ದೊಡ್ಡ ಮನುಷ್ಯರು ಇನ್ನೂ ಊಟಕ್ಕೆ ಕೂತಿದ್ದರಂತೆ.

ಎರಡನೆಯ ದಿನ ಇನ್ನೂ ಹೇಸಿಗೆ. ಹೊಸದುರ್ಗದ ದಾರಿಯಲ್ಲಿ ಯಲ್ಲದಕೆರೆ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ಎರಡೂ ಬದಿಗೆ ನಿಂತಿದ್ದರು. ಸವಾರರಿಗೆ ತಂಪಾಗಲಿ ಎಂದು ಯಾರೋ ನೀರು ಎರಚಿದರು. ಅದು ಎಮ್ಮೆ ಕುಡಿದು ಬಿಟ್ಟ ಬಾನಿಯ ನೀರು. ಇನ್ನೊಬ್ಬ ಭಕ್ತ ಕುಂಕುಮ ಎರಚಿದ. ಅದು ನೇರ ಕಂಬಳಿಯವನ ಕಣ್ಣಿಗೆ. ಅವನು ಒಂದೇ ಕಣ್ಣು ತೆರೆದುಕೊಂಡು ತುಳಿದ, ಆದರೂ ಮೊದಲು ಮುಟ್ಟಿದ. ಸಂಜೆ ಸ್ಕೂಲಿನ ಜಗಲಿಯ ಮೇಲೆ ಕೂತು ಸಾಹೇಬರು ಒದ್ದೆ ಬಟ್ಟೆಯಿಂದ ಅವನ ಕಣ್ಣು ಒರೆಸುತ್ತ, “ಬೇಟಾ, ನಾಳೆ ಯಾರ ಪ್ರೀತಿನೂ ತಗೋಬ್ಯಾಡ. ಬರೀ ರಸ್ತೆ ನೋಡು” ಎಂದರು.

ಮೂರನೆಯ ದಿನ ಹೊಳಲ್ಕೆರೆಯಲ್ಲೂ ಅವನೇ ಮೊದಲು. ಆದರೆ ಮೂರೂ ದಿನ ಸೇರಿಸಿದರೂ ದಾವಣಗೆರೆಯವನಿಗಿಂತ ಅವನು ಮುಂದಿದ್ದದ್ದು ಒಂದು ಬೀಡಿ ಹಚ್ಚುವಷ್ಟು ಹೊತ್ತು, ಅಷ್ಟೆ. ನಾಳೆ ಅಷ್ಟನ್ನು ಕಳೆದುಕೊಂಡರೆ ಮೂರು ದಿನ ಗೆದ್ದದ್ದೆಲ್ಲ ನೀರಿನಲ್ಲಿ ಹೋಮ. ನಾನು ಇದನ್ನು ಹೋಟೆಲಿನಲ್ಲಿ ಕೂತವರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ನಮ್ಮ ಓಣಿಯ ದಲಾಲಿಯೊಬ್ಬ ದೋಸೆ ಮುರಿಯುತ್ತ, “ಲೇ, ನಾಲ್ಕರಾಗೆ ಮೂರು ಗೆದ್ದಾಯ್ತು. ಇನ್ನೇನೈತೆ? ಕಬಡ್ಡಿಯಾಗೆ ಮೂರರಾಗೆ ಎರಡು ಗೆದ್ರೆ ಮುಗೀತಪ್ಪ” ಎಂದ. ಸುತ್ತ ಕೂತವರೆಲ್ಲ ತಲೆ ಆಡಿಸಿದರು. ಇದು ಕಬಡ್ಡಿ ಅಲ್ಲ ಮಾರಾಯ ಎಂದು ನಾನು ಗಂಟಲು ಹರಿದುಕೊಂಡೆ. “ಇವ್ನಿಗೆ ನಮ್ಮ ಹುಡುಗ ಗೆದ್ದಿದ್ದು ಹೊಟ್ಟೆಯುರಿ ಕಣ್ರೋ” ಎಂದು ಅವನು ನಕ್ಕ. ಅಷ್ಟರಲ್ಲಿ ಒಬ್ಬನು ಭರಮಸಾಗರಕ್ಕೆ ಬಸ್ಸಿನಲ್ಲಿ ಸುದ್ದಿ ಕಳಿಸಿಯೂ ಆಗಿತ್ತು: ನಮ್ಮವನು ಗೆದ್ದಾಯಿತು, ತಯಾರಿ ಮಾಡಿಕೊಳ್ಳಿ.

ಕೊನೆಯ ದಿನ ಕಂಬಳಿಯವನು ದುರ್ಗವನ್ನು ಹಾದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬನೇ ಮುಂದೆ. ಬೆನ್ನು ಬಗ್ಗಿಸಿ, ಎಡಬಲ ನೋಡದೆ, ಸಾಹೇಬರು ಹೇಳಿದ ಹಾಗೆ ಬರೀ ರಸ್ತೆ ನೋಡಿಕೊಂಡು. ದಾವಣಗೆರೆಯವನು ಕಣ್ಣಿಗೇ ಕಾಣುತ್ತಿರಲಿಲ್ಲ. ಲಾರಿಯ ಮೇಲೆ ಸಾಹೇಬರು ನನ್ನ ಕೈ ಹಿಡಿದುಕೊಂಡರು. ಇಂಥ ಖುಷಿ ಆ ಮೇಲೆ ನನಗೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಭರಮಸಾಗರದಲ್ಲಿ ಡ್ರಮ್ಮಿನ ಮುಂದೆ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದರು. ಪಕ್ಕದಲ್ಲಿ ಚಪ್ಪರ, ಮೈಕು, ಡೊಳ್ಳು, ಆರತಿ ತಟ್ಟೆ ಹಿಡಿದ ಹೆಂಗಸರು. ನಡುವೆ ಊರಿನ ಮಂಡಿ ವ್ಯಾಪಾರದ ಸಾಹುಕಾರರೊಬ್ಬರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಆಳುದ್ದದ ಸೇವಂತಿಗೆ ಹಾರ ಹಿಡಿದು ನಿಂತಿದ್ದರು. ಕಂಬಳಿಯವನು ಹಗ್ಗಕ್ಕೆ ಬಂದು ಬ್ರೇಕು ಹಿಡಿದ. ಇಳಿಯಲಿಲ್ಲ. ಏದುಸಿರು ಬಿಡುತ್ತ ಕೈ ಮುಗಿದ.

“ಸಾವ್ಕಾರ್ರೆ, ದಮ್ಮಯ್ಯ, ಹಗ್ಗ ಬಿಚ್ಚಸ್ರಿ. ರೇಸು ಮುಗಿದಿಲ್ಲ. ಸಂಜಿಗೆ ನಾನೇ ಬಂದು ಹಾಕ್ಕಂತೀನ್ರಿ.”

“ಏನಪ್ಪ, ನಮ್ಮೂರ ಹಾರ ನಿನ್ ಕೊಳ್ಳಿಗೆ ಭಾರ ಆತಾ?” ಎಂದರು ಸಾಹುಕಾರರು, ಮೈಕಿನಲ್ಲೇ. ಜನ ಹೋ ಎಂದಿತು. ನಾಲ್ಕು ಜನ ಹ್ಯಾಂಡಲ್ ಹಿಡಿದುಕೊಂಡರು. ಹಾರ ಬಿತ್ತು. ಅದರ ಮೇಲೆ ಶಾಲು ಬಿತ್ತು. ಒಂದು ಕೈಗೆ ತೆಂಗಿನಕಾಯಿ, ಇನ್ನೊಂದು ಕೈಗೆ ನಿಂಬೆಹಣ್ಣು. ಆರತಿ ಎತ್ತಿದರು. ಫೋಟೋದವನು ಪೆಟ್ಟಿಗೆಯೊಳಗೆ ತಲೆ ತೂರಿಸಿ, “ಅಲ್ಲಾಡ್ಬೇಡ್ರಿ, ಒಂದ್ ನಿಮಿಷ, ಸಾವ್ಕಾರ್ರು ಸ್ವಲ್ಪ ಮುಂದೆ ಬರ್ರಿ” ಎಂದು ಕೂಗುತ್ತಿದ್ದ. ಸಾಹುಕಾರರು ಮುಂದೆ ಬಂದರು. ಹೊಟ್ಟೆ ಒಳಗೆ ಎಳೆದುಕೊಂಡು ನಿಂತರು.

ನಾನೂ ಸಾಹೇಬರೂ ಲಾರಿಯಿಂದ ಧುಮುಕಿ ಜನದೊಳಗೆ ನುಗ್ಗಿದೆವು. “ಅರೆ, ಬಿಡ್ರಪ್ಪ ಅವನ್ನ! ಖುದಾ ಕಸಂ, ಅವನ ನೌಕರಿ ಹೋಗ್ತದೆ!” ಎಂದು ಸಾಹೇಬರು ಕೂಗಿದರು. ಯಾರೋ ಅವರ ಟೊಪ್ಪಿಗೆ ಬೀಳುವ ಹಾಗೆ ದಬ್ಬಿದ. ನನ್ನ ಅಂಗಿ ಹರಿಯಿತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಡೊಳ್ಳಿನ ಸದ್ದಿನಲ್ಲಿ ನನ್ನ ಬೈಗುಳ ನನಗೇ ಕೇಳಿಸಲಿಲ್ಲ.

ಆಗ ದಾವಣಗೆರೆಯವನು ಬಂದ. ಜನದ ಕಣ್ಣೆಲ್ಲ ಚಪ್ಪರದ ಕಡೆ. ಅವನು ಹಗ್ಗದ ಹತ್ತಿರ ಒಂದು ಕಾಲು ನೆಲಕ್ಕೆ ಊರಿ ನಿಂತು, ಹೂವಿನಲ್ಲಿ ಮುಳುಗಿದ್ದ ಕಂಬಳಿಯವನನ್ನು ನೋಡಿದ. ಅವನಿಗೂ ಮನೆಯಿತ್ತು, ಹೊಟ್ಟೆಯಿತ್ತು. ಸೈಕಲ್ ಎತ್ತಿ ಹಗ್ಗ ದಾಟಿಸಿ, ಡ್ರಮ್ಮು ಸುತ್ತಿ, ಮತ್ತೆ ಹಗ್ಗ ದಾಟಿ ದುರ್ಗದ ಕಡೆ ಹೊರಟುಬಿಟ್ಟ. ಅವನಿಗೆ ಹಾರ ಹಾಕಲು ಯಾರೂ ಇರಲಿಲ್ಲ. ಪುಣ್ಯವಂತ.

ಅದನ್ನು ಕಂಡ ಕಂಬಳಿಯವನು ತೆಂಗಿನಕಾಯಿ ಕೆಳಗೆ ಬಿಟ್ಟ. ಹಾರ ಹಿಡಿದು ಜಗ್ಗಿದ. ದಾರ ತುಂಡಾಗಿ ಹೂವೆಲ್ಲ ಸಾಹುಕಾರರ ಚಪ್ಪಲಿಯ ಮೇಲೆ ಸುರಿಯಿತು. ಮೈಕು ಸುಮ್ಮನಾಯಿತು, ಡೊಳ್ಳೂ ನಿಂತಿತು. ಹ್ಯಾಂಡಲ್ ಹಿಡಿದವರ ಕೈ ಸಡಿಲವಾದದ್ದೇ ತಡ, ಅವನು ಸೈಕಲ್ ಸಮೇತ ಹಗ್ಗದ ಕೆಳಗೆ ನುಸುಳಿ, ಡ್ರಮ್ಮು ಸುತ್ತಿ ದುರ್ಗದ ಕಡೆ ಹೋದ.

ಎದ್ದೆನೋ ಬಿದ್ದೆನೋ ಎಂದು ತುಳಿದ. ದುರ್ಗ ಮುಟ್ಟುವಾಗ ಮುಂದಿನವನ ಬೆನ್ನು ಕಾಣುವಷ್ಟು ಹತ್ತಿರ ಬಂದಿದ್ದ. ಆದರೆ ಕೂಡಿಸಿದ ಲೆಕ್ಕದಲ್ಲಿ ಸೋತ. ಆ ಫೋಟೋದವನು ಪೆಟ್ಟಿಗೆಯೊಳಗೆ ತಲೆ ಇಟ್ಟಿದ್ದಷ್ಟು ಹೊತ್ತೂ ಇರಲಿಲ್ಲ ಅಂತರ. ಕಂಪನಿಯವರು ದಾವಣಗೆರೆಯವನ ಬೆನ್ನು ತಟ್ಟಿ ಜೀಪಿನಲ್ಲಿ ಕೂರಿಸಿಕೊಂಡರು.

ಜನ ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ನಾನೇ ಹುಚ್ಚ. ನಾವು ಓಣಿ ಸೇರುವ ಮೊದಲೇ ಮಾತು ತಿರುಗಿತ್ತು. ಸೋತ ಸುದ್ದಿಯೇ ಇಲ್ಲ. “ಹಾರ ಹರಿದು ಸಾವ್ಕಾರ್ರ ಕಾಲಿಗೆ ಒಗೆದನಂತೆ. ಎಷ್ಟು ಪೊಗರು ನೋಡು!” ಹೋಟೆಲಿನ ದಲಾಲಿ ಎಲ್ಲರಿಗಿಂತ ಜೋರಾಗಿ ಅದನ್ನೇ ಹೇಳುತ್ತಿದ್ದ. ಮುಂದಿನ ಸಂತೆಯಲ್ಲಿ ಕಂಬಳಿಯವನ ಮುಂದೆ ಒಬ್ಬನೂ ಕೂರಲಿಲ್ಲ. ಅದರ ಮುಂದಿನ ಸಂತೆಯಲ್ಲೂ ಅಷ್ಟೆ. ಕಂಬಳಿ ಮುಟ್ಟಿ ನೋಡಿದವರನ್ನೂ ಪಕ್ಕದವರು ಕರೆದುಕೊಂಡು ಹೋಗುತ್ತಿದ್ದರು. ಅವನ ಹೆಂಡತಿ ಸಾಹೇಬರ ಅಂಗಡಿಗೆ ಬಂದು, ಹೇಗಾದರೂ ಸರಿಮಾಡಿ ಎಂದು ಅತ್ತಳಂತೆ.

ಹಾಗಾಗಿ ಒಂದು ದಿನ ನಾವು ಮೂವರೂ ಬಸ್ಸಿನಲ್ಲಿ ಭರಮಸಾಗರಕ್ಕೆ ಹೋದೆವು. ಕಂಬಳಿಯವನ ಹೆಗಲ ಮೇಲೆ ನಾಲ್ಕು ಕಂಬಳಿ, ಕೈಯಲ್ಲಿ ಎಲೆಯೊಳಗೆ ಸುತ್ತಿದ ಹಾರ. ಸಾಹುಕಾರರು ಮಂಡಿಯ ಗಾದಿಯ ಮೇಲೆ ಕೂತಿದ್ದರು. “ಬರ್ರಿ, ಕುಂತ್ಕಳ್ರಿ” ಎಂದು ನಮ್ಮಿಬ್ಬರಿಗೆ ಹೇಳಿದರು. ಅವನಿಗೆ ಹೇಳಲಿಲ್ಲ. ಅವನು ನಿಂತೇ ಹಾರ ಬಿಡಿಸಿದ. ಅವರು ಕೂತಲ್ಲಿಂದಲೇ ಕುತ್ತಿಗೆ ಚಾಚಿದರು. ಹಾಕಿ, ಕಾಲು ಮುಟ್ಟಿದ.

“ಇರ್ಲಿ ಬಿಡಪ್ಪ. ಸೋಲು ಗೆಲುವು ಯಾರಿಗಿಲ್ಲ? ಮನುಷ್ಯಂಗೆ ಮರ್ಯಾದಿ ಗೊತ್ತಿರ್ಬೇಕು” ಎಂದರು. ಆಮೇಲೆ ಆಳನ್ನು ಕಳಿಸಿ ಫೋಟೋದವನನ್ನು ಕರೆಸಿದರು. ಅವತ್ತಿನ ಫೋಟೋ ಅಲ್ಲಾಡಿ ಕೆಟ್ಟುಹೋಗಿತ್ತಂತೆ. ಸಾಹೇಬರು ನೆಲ ನೋಡುತ್ತಿದ್ದರು.

“ನಗಪ್ಪ ಸ್ವಲ್ಪ” ಎಂದ ಫೋಟೋದವನು. ಕಂಬಳಿಯವನು ನಕ್ಕ.

ಅದಾದ ಮೇಲೆ ಸಾಹುಕಾರರು ನಾಲ್ಕೂ ಕಂಬಳಿಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು, ಮೂಸಿ ನೋಡಿ, ಒಂದನ್ನು ಕೊಂಡರು. ಚೌಕಾಸಿ ಮಾಡಿಯೇ ಕೊಂಡರು.