ದನಿಗಾಗಿ ಕಾದ ಇಪ್ಪತ್ತಾರು ನಿಮಿಷ

ಗರಿಗಳ ಭಾನುವಾರ. ಚರ್ಚಿನಲ್ಲಿ ಎಲ್ಲರೂ ತೆಂಗಿನ ಗರಿ ಹಿಡಿದು ಮೆರವಣಿಗೆ ಹೊರಡುವ ಹೊತ್ತಿಗೆ ನಾನು ಯಲ್ಲಾಪುರದ ಹೊರಗಿನ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಪಾಳಿಗೆ ಕೂತಿದ್ದೆ. ಬಲಿಪೂಜೆ ತಪ್ಪಿದ್ದು ಅದು ಮೂರನೆಯ ವಾರ. ಫಾದರ್ ಹತ್ತಿರ ಹೇಳಿಕೊಂಡಾಗ, "ಎಲ್ಲರೂ ಇಲ್ಲೇ ಬಂದು ಕೂತ್ರೆ ಚರ್ಚಿಗೆ ಕರೆಂಟು ಕೊಡೋರು ಯಾರಮ್ಮ?" ಎಂದು ನಕ್ಕಿದ್ದರು. ನನಗೆ ನಗು ಬರಲಿಲ್ಲ. ಹಿಡಿ ತಿರುಗಿಸುವುದು, ಮೀಟರು ನೋಡಿ ಬರೆಯುವುದು. ಇಪ್ಪತ್ತೆರಡು ವರ್ಷದ ಈ ಕೆಲಸದಲ್ಲಿ ದೇವರಿಗೆ ಸಲ್ಲುವಂಥದ್ದು ಏನಿದೆ ಎಂದು ಕೇಳಿಕೊಳ್ಳುತ್ತಲೇ ಅವತ್ತು ಗೇಟು ತೆಗೆದಿದ್ದೆ.

ಒಂಬತ್ತು ಹತ್ತಕ್ಕೆ ಲೈನ್‌ಮನ್ ಒಬ್ಬ ಫೋನು ಮಾಡಿ ಲೈನ್ ಕ್ಲಿಯರ್ ಕೇಳಿದ, ಅಂದರೆ ಕೆಲಸ ಮುಗಿಯುವ ತನಕ ತಂತಿಯ ಕರೆಂಟು ತೆಗೆಯಿರಿ ಎಂದ. ಮಳೆಗಾಲಕ್ಕೆ ಮುಂಚೆ ನಂದೊಳ್ಳಿ ಕಡೆಯ ತಂತಿಗೆ ತಾಗುವ ಟೊಂಗೆಗಳನ್ನು ಕಡಿಯಬೇಕಿತ್ತು. ಕರೆಂಟು ತೆಗೆದೆ, ಬೀಗ ಹಾಕಿದೆ, ಪುಸ್ತಕದಲ್ಲಿ ಅವನ ಹೆಸರು ಬರೆದೆ, ಆಳು ಕಂಬದ ಮೇಲಿದ್ದಾರೆ ಎಂದು ಬರೆದ ತಗಡನ್ನು ಮೊಳೆಗೆ ತೂಗುಹಾಕಿದೆ. ನಮ್ಮಲ್ಲೊಂದು ಕಟ್ಟುನಿಟ್ಟು ಇದೆ. ಲೈನು ತೆಗೆಸಿದವನು ತನ್ನದೇ ದನಿಯಲ್ಲಿ ಹೇಳುವ ತನಕ ಕರೆಂಟು ಬಿಡುವಂತಿಲ್ಲ.

ಹನ್ನೊಂದೂ ಕಾಲಿಗೆ ಫೋನು ಬಂತು. ಪರದೆಯ ಮೇಲೆ ಅವನದೇ ಹೆಸರು. ದನಿ ಅವನ ಜೊತೆಗಾರನದು.

"ಅಕ್ಕ, ಎಲ್ಲ ಮುಗೀತು. ಕರೆಂಟು ಬಿಡಿ."

"ಅವ ಎಲ್ಲಿ?"

"ಚಾ ಕುಡೀಲಿಕ್ಕೆ ಹೋಗಿರ್ಬೇಕು. ಏಣಿ ಜೀಪಿನ ಮೇಲೆ ಅದೆ, ಅವನ ಫೋನು ಸೀಟಿನ ಮೇಲೆ ಅದೆ. ಆಳು ಇಳಿಯದೆ ಇವೆಲ್ಲ ನಡ್ಕಂಡು ಬಂದ್ವಾ?"

"ಅವನ ಕೈಗೆ ಫೋನು ಕೊಡು."

"ಎಂತ ಅಕ್ಕ, ನನ್ನ ದನಿ ಗುರ್ತು ಸಿಗ್ಲಿಲ್ವಾ?"

"ಸಿಕ್ತು. ಅದಕ್ಕೇ ಬಿಡೂದಿಲ್ಲ. ಅವನನ್ನ ಕರ್ಕಂಡು ಬಾ."

"ಇಲ್ಲೊಂದು ಮದುವೆ ಅದೆ, ಕರೆಂಟಿಲ್ಲ ಅಂತ ಆ ಮನೆಯವ್ರ ಹತ್ರ ಬೈಸ್ಕಳ್ಳೋದು ನಾವು. ನೀವು ಜಪಸರ ಹಿಡ್ಕಂಡು ಕೂತ್ಕಳಿ."

ಅವನನ್ನು ದೂರುವಂತಿಲ್ಲ. ಕಂಬದ ಕೆಲಸದವರಲ್ಲಿ ಏಣಿ ಗಾಡಿ ಹತ್ತಿತೆಂದರೆ ಆಳು ಇಳಿದ ಎಂದೇ ಅರ್ಥ. ಆದರೆ ಅವನು "ಹೋಗಿದ್ದಾನೆ" ಎನ್ನಲಿಲ್ಲ, "ಹೋಗಿರ್ಬೇಕು" ಎಂದಿದ್ದ.

ಮದುವೆ ಮನೆಯಿಂದ ಎರಡು ಸಲ ಫೋನು ಬಂತು. ಊಟಕ್ಕೆ ಎಲೆ ಹಾಕುವ ಹೊತ್ತು, ಪಂಪಿನಲ್ಲಿ ನೀರಿಲ್ಲ ಎಂದರು. ಕಾಯಿರಿ ಎಂದೆ. ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು. ಪ್ರಾರ್ಥನೆಗೆ ಮಾತು ಹುಡುಕಿದೆ, ಸಿಗಲಿಲ್ಲ. ಅವನು ನಿಜಕ್ಕೂ ಚಾ ಅಂಗಡಿಯಲ್ಲಿದ್ದರೆ ನಾನು ಊರಿಗೆಲ್ಲ ನಗೆಪಾಟಲು. ಹಾಗೇ ಆಗಲಿ ದೇವರೇ, ಅವನು ಅಲ್ಲೇ ಇರಲಿ ಎಂದುಕೊಂಡೆ.

ಹನ್ನೊಂದು ನಲವತ್ತೊಂದಕ್ಕೆ ಮತ್ತೆ ಫೋನು. ಏದುಸಿರು, ಆದರೆ ಅವನದೇ ದನಿ.

"ಅಕ್ಕ, ನಾನು. ಇಳದೆ."

"ಯಾವಾಗ?"

"ಈಗ. ಬೆಲ್ಟು ಇನ್ನೂ ಬಿಚ್ಚಲಿಲ್ಲ."

ಕೊನೆಯ ಕಂಬ ಇಳಿಜಾರಿನಲ್ಲಿತ್ತಂತೆ, ಏಣಿ ನಿಲ್ಲಲಿಲ್ಲ. ಏಣಿಯನ್ನೂ, ಜೇಬಿನಿಂದ ಬಿದ್ದೀತೆಂದು ಫೋನನ್ನೂ ಊರಿನವರೊಬ್ಬರ ಕೈಯಲ್ಲಿ ಜೀಪಿಗೆ ಕಳಿಸಿ, ಹಗ್ಗ ಹಾಕಿ ಹತ್ತಿದ್ದ. ಕಡಿದ ಟೊಂಗೆ ಎಳೆಯಲು ಬೇರೆ ಕಡೆ ಹೋಗಿದ್ದ ಜೊತೆಗಾರ ಅದನ್ನು ನೋಡಿರಲಿಲ್ಲ. ಜೊತೆಗಾರ ಚಾ ಅಂಗಡಿಯಲ್ಲಿ ಅವನನ್ನು ಕಾಣದೆ ಇಳಿಜಾರಿಗೆ ಬಂದು ತಲೆಯೆತ್ತಿದಾಗ ಅವನ ಎರಡೂ ಕೈ ತಂತಿಯ ಮೇಲಿದ್ದವು.

ಜೊತೆಗಾರ ಫೋನು ಇಸಿದುಕೊಂಡು "ಅಕ್ಕ" ಎಂದ. ಮತ್ತೆ "ಅಕ್ಕ" ಎಂದ.

"ನೀರು ಕುಡಿ," ಎಂದೆ.

ಲೈನ್‌ಮನ್‌ನನ್ನು ಎಂದಿನ ಕ್ರಮದಲ್ಲೇ ಕೇಳಿದೆ: ಎಷ್ಟು ಜನ, ಎಲ್ಲರೂ ನೆಲದ ಮೇಲಿದ್ದಾರಾ, ಹಗ್ಗ ತೆಗೆದಾಯಿತಾ. ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಬೀಗ ತೆಗೆದೆ, ತಗಡು ಇಳಿಸಿದೆ. ಕರೆಂಟು ಬಿಟ್ಟೆ. ಮೀಟರಿನ ಮುಳ್ಳು ಎದ್ದಿತು. ಚರ್ಚಿನಲ್ಲಿ ಶುಭಸಂದೇಶ ಓದುವಾಗ ನಿಲ್ಲುವಂತೆ ನೆಟ್ಟಗೆ ನಿಂತಿದ್ದೆ. ಅಂಥ ಆನಂದ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಪುಸ್ತಕದಲ್ಲಿ ನಾನು ಬರೆದ ಹೆಸರುಗಳೆಲ್ಲ ಸಂಜೆ ಮನೆ ಸೇರಿದ ಮನುಷ್ಯರು. ನನ್ನ ಪೂಜೆ ಎಲ್ಲಿ ನಡೆಯುತ್ತಿತ್ತೆಂದು ನನಗೇ ತಿಳಿದಿರಲಿಲ್ಲ.

ಸಂಜೆ ಮಗಳು ಚರ್ಚಿನಿಂದ ಆಶೀರ್ವದಿಸಿದ ಗರಿ ತಂದಳು. ಅದನ್ನು ಮನೆಯ ಶಿಲುಬೆಯ ಹಿಂದೆ ಸಿಕ್ಕಿಸುವುದು ನಮ್ಮ ವಾಡಿಕೆ. ಅದರಲ್ಲಿ ಒಂದು ಎಳೆ ಸೀಳಿ ಮರುದಿನ ಕೆಲಸಕ್ಕೆ ಒಯ್ದೆ, ತಗಡು ತೂಗುವ ಮೊಳೆಗೆ ಕಟ್ಟಿದೆ.

ಈಗ ಆ ಜೊತೆಗಾರನೂ ಲೈನು ತೆಗೆಸುತ್ತಾನೆ. ಕೆಲಸ ಮುಗಿದ ಮೇಲೆ ಅವನ ಮೊದಲ ಮಾತು, "ಅಕ್ಕ, ನಾನೇ. ದನಿ ಗುರ್ತು ಸಿಕ್ತಾ?"

"ಸಿಕ್ತು," ಎನ್ನುತ್ತೇನೆ. ಆಮೇಲೆ, ಎಲ್ಲರೂ ನೆಲದ ಮೇಲಿದ್ದಾರಾ ಎಂದು ಕೇಳಿ, ಮೊಳೆಯಿಂದ ತಗಡು ತೆಗೆಯುತ್ತೇನೆ.