ಚೆಲ್ಲಬಾರದ ಎಣ್ಣೆ

ಶಹಾಬಾದಿನ ಸ್ಟೇಷನ್ ಹಿಂದಿನ ಓಣಿಯಲ್ಲಿ ಲೇಯಾಬಾಯಿ ಪೇಣಕರ ಅಂತ ಒಬ್ಬಳಿದ್ದಳು. ಯೆಹೂದಿ. ರೈಲ್ವೆ ಫಿಟ್ಟರ್ ಆಗಿದ್ದ ಗಂಡ ತೀರಿಕೊಂಡಿದ್ದ. ಶನಿವಾರ ಒಲೆ ಹಚ್ಚುತ್ತಿರಲಿಲ್ಲವಾದ್ದರಿಂದ ಓಣಿಯೆಲ್ಲ ಅವಳನ್ನು ಶನಿವಾರದ ಬಾಯಿ ಅನ್ನುತ್ತಿತ್ತು. ಪಕ್ಕದ ಮನೆಯ ನಮ್ಮ ಅತ್ತೆ ಭಾಗಮ್ಮ ಅವಳ ಜೊತೆ ದಿನವಿಡೀ ಹರಟುತ್ತಿದ್ದಳು, ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಆ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ.

ಲೇಯಾಬಾಯಿಯ ಹತ್ತಿರ ಒಂದು ಡಬ್ಬಿ ಆಲಿವ್ ಎಣ್ಣೆ ಇತ್ತು. ಫೌಜಿನಲ್ಲಿದ್ದ ಅವಳ ತಮ್ಮ ಯೆಹೂದಿಗಳ ಪುಣ್ಯಭೂಮಿಯಿಂದ ತಂದುಕೊಟ್ಟದ್ದು. ಅಲ್ಲಿ ಪ್ರತಿ ಏಳನೇ ವರ್ಷ ನೆಲಕ್ಕೆ ವಿಶ್ರಾಂತಿಯಂತೆ. ಈ ಎಣ್ಣೆ ಅಂಥ ವರ್ಷದ್ದು. ಆ ವರ್ಷ ಬೆಳೆದದ್ದು ಎಲ್ಲರ ಪಾಲಿನದಂತೆ. ಉಣ್ಣಬಹುದು, ಮೈಗೆ ಹಚ್ಚಬಹುದು, ದೀಪಕ್ಕೆ ಹಾಕಬಹುದು. ಮಾರಬಾರದು, ಔಷಧಿ ಮಾಡಬಾರದು, ಚೆಲ್ಲಿ ಹಾಳು ಮಾಡಬಾರದು.

ಅತ್ತೆ ಮೊಣಕಾಲ ನೋವಿಗೆ ಕೇಳಿದಾಗ ಅವಳು ಕೊಡಲಿಲ್ಲ. "ನೋಯೋ ಕಾಲಿಗಿ ಹಚ್ಚಿದ್ರ ಔಷಧ ಆಗ್ತದ ಭಾಗಮ್ಮ. ರೊಟ್ಟಿಗಿ ಹಚ್ಕೊಂಡು ತಿನ್ರಿ, ಬೇಕಾದಷ್ಟು ಕೊಡ್ತೀನಿ." ಅಲ್ಲಿ ತಿನ್ನುವುದಂತೂ ಆಗದ ಮಾತು. "ದೇವ್ರು ಕೊಟ್ರೂ ಪೂಜಾರಿ ಕೊಡಂಗಿಲ್ಲ" ಅಂತ ಅತ್ತೆ ಗೊಣಗಿದ್ದೇ ಗೊಣಗಿದ್ದು. ನನಗೂ ಅವಳು ಭಾರಿ ಜಿಪುಣಿ ಅಂತಲೇ ಅನಿಸಿತ್ತು.

ನಲವತ್ತೆಂಟರ ಮಳೆಗಾಲದಲ್ಲಿ ಕತ್ತಿ ಬಂದೂಕಿನ ತಂಡಗಳು ಊರೂರು ಸುಡುತ್ತಿದ್ದವು. ಹೆದರಿ ಓಡಿದವರನ್ನು ಕಾಗಿಣಾ ಹೊಳೆ ದಾಟಿಸುತ್ತಿದ್ದ ಅಂಬಿಗರ ತಮ್ಮಣ್ಣನನ್ನು ಹುಡುಕುತ್ತ ಒಂದು ತಂಡ ನಮ್ಮ ಓಣಿಗೇ ನುಗ್ಗಿತು. ತಮ್ಮಣ್ಣ ಲೇಯಾಬಾಯಿಯ ಮನೆಯಲ್ಲಿ ಅಡಗಿದ್ದ. ಗದ್ದಲ ಕೇಳಿ ನಾನೂ ಅತ್ತೆಯೂ ಅಲ್ಲೇ ಹೊಕ್ಕೆವು. ಅಡ್ಡ ನಿಂತ ತಪ್ಪಿಗೆ ಎದುರು ಮನೆಯ ಜಾನಬಿಯ ಗಂಡನನ್ನು ಅವನ ಹೊಸ್ತಿಲ ಮೇಲೇ ಕಡಿದು ಹಾಕಿದರು. ಮಳೆಗೆ ಪಂಜು ಹತ್ತದೆ, ಮನೆಮನೆಗೆ ನುಗ್ಗಿ ಎಣ್ಣೆ ಕಸಿಯುತ್ತಿದ್ದರು.

"ಆ ಡಬ್ಬಿ ಚೆಲ್ಲವ್ವಾ! ಅದೇ ಎಣ್ಣಿಲೆ ನಮ್ಮನ್ನ ಸುಡ್ತಾರ!" ಅತ್ತೆ ಚೀರಿದಳು.

"ಚೆಲ್ಲಬಾರದು."

"ಸಾಯೋ ಹೊತ್ತಿನಾಗೂ ನಿಂದೇನ ಕಟ್ಟಳಿ!"

ಲೇಯಾಬಾಯಿ ಡಬ್ಬಿಯನ್ನು ತಮ್ಮಣ್ಣನ ನೆತ್ತಿಯ ಮೇಲೆ ಬಗ್ಗಿಸಿದಳು. "ಅಂಗಿ ತೆಗಿ ತಮ್ಮಾ. ಮೈಗಿ ಹಚ್ಚಬಹುದು." ನಾವು ಮೂವರೂ ಸೇರಿ ಅವನನ್ನು ಕುತ್ತಿಗೆಯಿಂದ ಹಿಮ್ಮಡಿಯ ತನಕ ತಿಕ್ಕಿದೆವು.

ಬಾಗಿಲು ಮುರಿದು ಬಿತ್ತು. ಒಬ್ಬ ತಮ್ಮಣ್ಣನ ತೋಳು ಹಿಡಿದ, ಜಾರಿತು. ಇನ್ನೊಬ್ಬ ಕುತ್ತಿಗೆಗೆ ಕೈ ಹಾಕಿದ, ಅದೂ ಜಾರಿತು. ಮೂರನೆಯವನ ಕತ್ತಿ ಭುಜ ಸೀಳಿತು. ರಕ್ತ ಗೋಡೆಗೆ ಸಿಡಿಯಿತು. ತಮ್ಮಣ್ಣ ಮೀನಿನ ಹಾಗೆ ಕೊಸರಿಕೊಂಡು ಹಿತ್ತಲ ಬಾಗಿಲಿಂದ ಹೊಳೆಯ ಕಡೆ ಓಡಿದ. ಅವರ ನಾಯಕ ಬರಿದಾದ ಡಬ್ಬಿ ನೋಡಿದ, ಲೇಯಾಬಾಯಿಯ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಬಂದೂಕಿನ ಹಿಂಬದಿಯಿಂದ ಜಜ್ಜಿದ. ಎಲುಬು ಮುರಿದ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ಎಲ್ಲರೂ ತಮ್ಮಣ್ಣನ ಬೆನ್ನುಹತ್ತಿ ಹೋದರು. ಅವನು ತುಂಬಿದ ಹೊಳೆ ಈಜಿ ಬದುಕಿದನೆಂದು ಮರುದಿನ ತಿಳಿಯಿತು.

ಡಬ್ಬಿಯ ತಳದಲ್ಲಿ ಸ್ವಲ್ಪ ಎಣ್ಣೆ ಉಳಿದಿತ್ತು. ಅತ್ತೆ ಅಳುತ್ತ ಅದನ್ನು ಮುರಿದ ಕೈಗೆ ಹಚ್ಚಲು ಹೋದಳು. ಲೇಯಾಬಾಯಿ ಕೈ ಎಳೆದುಕೊಂಡಳು.

"ಔಷಧ ಅಲ್ಲ ಭಾಗಮ್ಮ, ಅದು."

"ಹಂಗಾರ ತಿನ್ನು, ಹಟಮಾರಿ!" ಅತ್ತೆ ಅವಳ ಬುಟ್ಟಿಯ ರೊಟ್ಟಿ ಮುರಿದು, ಅದರಿಂದಲೇ ಡಬ್ಬಿಯ ತಳ ಒರೆಸಿ ಅವಳ ಬಾಯಿಗಿಟ್ಟಳು.

ಲೇಯಾಬಾಯಿ ಇನ್ನೊಂದು ಚೂರು ಅದ್ದಿ ಅತ್ತೆಯ ಕಡೆ ಚಾಚಿದಳು. "ಇದು ಎಲ್ಲಾರ ಪಾಲಿಂದು. ಎಡಗೈಲೆ ಕೊಡ್ಲಿಕತ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ."

ಅತ್ತೆ ಎರಡೂ ಕೈ ಒಡ್ಡಿ ಇಸಿದುಕೊಂಡು ತಿಂದಳು.